ಹಳೆಯ ನೆಲ ಎಷ್ಟು ಗಟ್ಟಿ?

ನನ್ನ ಸ್ಕ್ರೀನ್ ಮೇಲೆ ಕೆನಡಾದ ಪುರಾತನ ನೆಲದ ಎರಡು ನಕ್ಷೆಗಳಿವೆ. ಒಂದು ಎತ್ತರ-ತಗ್ಗಿನದು, ಇನ್ನೊಂದು ಬೂಗೆ ಗುರುತ್ವದ್ದು, ಅಂದರೆ ಮೇಲೆ ಕಾಣುವ ಬೆಟ್ಟಗಳ ಸೆಳೆತವನ್ನು ಕಳೆದು ಉಳಿದ ಗುರುತ್ವದ್ದು. ಬೆಟ್ಟದ ಭಾರಕ್ಕೆ ನೆಲ ಬಾಗಿದರೆ ಬುಡದಲ್ಲಿ ಹಗುರ ಕಲ್ಲು ಕೆಳಗಿಳಿದು ಗುರುತ್ವ ಕಮ್ಮಿಯಾಗುತ್ತದೆ. ಬಾಗದಿದ್ದರೆ ಆ ಗುರುತು ಸಿಗುವುದಿಲ್ಲ. ಎಷ್ಟು ಅಗಲದ ಉಬ್ಬಿನಿಂದ ಎರಡೂ ನಕ್ಷೆಗಳು ತಾಳೆಯಾಗಲು ಶುರುವಾಗುತ್ತವೆ ಎಂದು ನೋಡಿ ಗಟ್ಟಿತನವನ್ನು ಅಂದಾಜು ಮಾಡುತ್ತೇವೆ.

1985ರಲ್ಲಿ ಭೂಭೌತವಿಜ್ಞಾನಿ ಫೋರ್ಸಿತ್ ಬೆಟ್ಟದ ಭಾರದ ಜೊತೆಗೆ ನೆಲದೊಳಗೆ ಹುದುಗಿದ ಭಾರವನ್ನೂ ಲೆಕ್ಕಕ್ಕೆ ತಂದರು. ಆ ದಾರಿಯಲ್ಲಿ ಹೋದರೆ ಇಂಥ ನೆಲದ ಸ್ಥಿತಿಸ್ಥಾಪಕ ದಪ್ಪ (ಇಷ್ಟೇ ಗಟ್ಟಿಯಾಗಿ ಬಾಗುವ ಹಲಗೆಯ ದಪ್ಪ ಎಷ್ಟಿರಬೇಕೋ ಅದು) 100 ಕಿ.ಮೀ. ದಾಟುತ್ತದೆ. 1997ರಲ್ಲಿ ಮೆಕೆಂಜಿ ಮತ್ತು ಫೇರ್‌ಹೆಡ್ ಇದನ್ನು ಒಪ್ಪಲಿಲ್ಲ, ಖಂಡಗಳಲ್ಲಿ 25 ಕಿ.ಮೀ.ಗಿಂತ ಕಮ್ಮಿ ಎಂದರು. ಇದು ಸಣ್ಣ ಜಗಳವಲ್ಲ. ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನದಂತೆ ಏರುತ್ತದೆ. ದಪ್ಪ 4 ಪಟ್ಟಾದರೆ ಬಿಗುವು 64 ಪಟ್ಟು!

ಮೆಕೆಂಜಿ ಮತ್ತು ಫೇರ್‌ಹೆಡ್ ವಾದದಲ್ಲಿ ಹುರುಳಿದೆ. ಬೆಟ್ಟ ಸವೆದು ಹೋದರೂ ಒಳಗಿನ ಭಾರ ಗುರುತ್ವದಲ್ಲಿ ಕಾಣುತ್ತಲೇ ಇರುತ್ತದೆ. ಆಗ ನಕ್ಷೆಗಳು ತಾಳೆಯಾಗದಿರುವುದಕ್ಕೆ ನೆಲದ ಗಟ್ಟಿತನವಲ್ಲ, ಸವೆತವೇ ಕಾರಣವಿರಬಹುದು. ಆದರೆ ಅಷ್ಟು ಸಪಾಟಾದ ಕಡೆ ಅವರ ಫ್ರೀ-ಏರ್ ವಿಧಾನಕ್ಕೂ (ಬೆಟ್ಟಗಳ ಸೆಳೆತವನ್ನು ಕಳೆಯದ ಗುರುತ್ವವನ್ನು ಎತ್ತರದೊಂದಿಗೆ ಹೋಲಿಸುವುದು) ಹಿಡಿಯಲು ಎತ್ತರ ಜಾಸ್ತಿ ಉಳಿದಿರುವುದಿಲ್ಲ, ಅಲ್ವಾ? ಹಾಗಾಗಿ ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ, ಸಂಖ್ಯೆಯನ್ನಲ್ಲ. ಲೆಕ್ಕದ ಚೌಕವನ್ನೂ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ನಕ್ಷೆಯ ತುಂಡನ್ನೂ, ದೊಡ್ಡದಾಗಿಯೇ ಇಡುತ್ತೇನೆ. ಚಿಕ್ಕ ಚೌಕದಲ್ಲಿ ಉದ್ದನೆಯ ಅಲೆಗಳು, ಅಂದರೆ ಅಗಲವಾದ ಉಬ್ಬು-ತಗ್ಗುಗಳು, ಹಿಡಿಸುವುದಿಲ್ಲ, ಗಟ್ಟಿ ನೆಲವೂ ಮೆತ್ತಗೆ ಕಾಣುತ್ತದೆ.