ನವರಂಗ ಯಾವ ಮರದಲ್ಲಿದೆ ಅಂತ ಕೇಳೋರಿಗೆ

ಚಳಿ ಶುರುವಾದ್ರೆ ಸಾಕು, ಇದೂ ಶುರು. "ಅಣ್ಣ, ಪಾರ್ಕಿಗೆ ನವರಂಗ ಹಕ್ಕಿ ಬಂದೈತಂತೆ, ಯಾವ ಮರದಾಗೆ ಐತೆ? ಲೊಕೇಶನ್ ಹಾಕಣ್ಣ." ತುಮಕೂರಿನೋರೂ ಕೇಳ್ತಾರೆ, ದೊಡ್ಡ ಲೆನ್ಸ್ ಹೊತ್ಕೊಂಡು ಬೆಂಗಳೂರಿಂದ ಬರೋರೂ ಕೇಳ್ತಾರೆ. ಲೊಕೇಶನ್ ಕೊಡಲ್ಲ. ಬೇಜಾರಾದ್ರೆ ಆಗ್ಲಿ.

ಮೊದಲು ಆ "ಯಾವ ಮರ" ಅನ್ನೋದನ್ನ ಬಿಡಿ. ರಾತ್ರಿ ಮಲಗೋಕೆ, ಬೆಳಿಗ್ಗೆ ಸಂಜೆ ಕೂಗೋಕೆ ಕೊಂಬೆ ಹತ್ತುತ್ತೆ ನಿಜ, ಆದ್ರೆ ಹೊಟ್ಟೆಪಾಡೆಲ್ಲ ನೆಲದ ಮೇಲೆ. ಗೊರವಂಕಕ್ಕಿಂತ ಸಣ್ಣ ಹಕ್ಕಿ, ಮೋಟು ಬಾಲ, ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಬುಡದಲ್ಲಿ ಕಡುಗೆಂಪು, ಇಷ್ಟೆಲ್ಲ ಬಣ್ಣ ಇದ್ರೂ ನೆರಳಲ್ಲಿ ನಿಂತ್ರೆ ಕಾಣಲ್ಲ. ಕುಪ್ಪಳಿಸುತ್ತೆ, ಕೊಕ್ಕಲ್ಲಿ ತರಗೆಲೆ ಮಗುಚುತ್ತೆ, ಹುಳ ಹಿಡಿಯುತ್ತೆ.

ಹೋದ ಚಳಿಗಾಲದಲ್ಲಿ ಒಬ್ರು ಪೊದೆ ಪಕ್ಕ ಬ್ಲೂಟೂತ್ ಸ್ಪೀಕರ್ ಇಟ್ಟು ಅದರದ್ದೇ ಕೂಗು ಹಾಕ್ತಾ ಇದ್ರು. ಪಾಪ, ತನ್ನ ಜಾಗಕ್ಕೆ ಇನ್ನೊಂದು ನವರಂಗ ನುಗ್ಗಿದೆ ಅಂತ ಅದು ತಿನ್ನೋದು ಬಿಟ್ಟು ಆಚೆ ಈಚೆ ಹಾರಾಡ್ತಿತ್ತು. ಆಫ್ ಮಾಡ್ರಿ ಅಂದ್ರೆ "ಎರಡೇ ನಿಮಿಷ ಸರ್, ಬೆಂಗಳೂರಿಂದ ಬಂದಿದೀನಿ" ಅಂದ್ರು. ರೀ, ಈ ಹಕ್ಕಿಗಳಲ್ಲಿ ಬಹುಪಾಲು ಹಿಮಾಲಯದ ತಪ್ಪಲಿಂದ, ಮಧ್ಯ ಭಾರತದ ಕಾಡುಗಳಿಂದ ರಾತ್ರಿ ಹೊತ್ತು ಹಾರ್ಕೊಂಡು ಬರ್ತವೆ! ಅಷ್ಟು ದೂರದಿಂದ ಸುಸ್ತಾಗಿ ಇಳಿದಿರೋದನ್ನ ಕುಣಿಸಿ ಫೋಟೋ ತೆಗೀಬೇಕಾ? ಅವತ್ತಿಂದ ನಾನು ಯಾರಿಗೂ ಜಾಗ ಹೇಳಿಲ್ಲ.

ಒಬ್ರಾದ್ರೂ ಬೇರೆ ಪ್ರಶ್ನೆ ಕೇಳ್ಲಿ ಅಂತ ನನಗೆ ಆಸೆ. ದೇವರಾಯನದುರ್ಗದ ಕಾಡು ಅಷ್ಟು ಹತ್ರ ಇರುವಾಗ ಈ ಪಾರ್ಕಲ್ಲಿ ಅದಕ್ಕೆ ಏನು ಸಿಗುತ್ತೆ, ಅಂತ. ಸಿಗೋದು ಕಸ. ನೀವು ಕಸ ಅನ್ನೋದು. ಪೊರಕೆ ತಾಗದೆ ಉಳಿದಿರೋ ಒಂದು ಮೂಲೆ ಇದೆ. ಎಲೆ ಕೊಳೆತು ಮಣ್ಣು ತಂಪಾಗಿರುತ್ತೆ, ಅಡಿಯಲ್ಲಿ ಹುಳ ಇರುತ್ತೆ, ಸುತ್ತ ಪೊದೆ ಇರೋದ್ರಿಂದ ಬೆಕ್ಕು ನಾಯಿ ಬಂದ್ರೆ ಅವಿತ್ಕೊಳ್ಳಬಹುದು. ಪಾರ್ಕಿನ ಬಾಕಿ ಕಡೆಯೆಲ್ಲ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಡ್ತಾರೆ, ಹೊಗೆಗೆ ವಾಕಿಂಗ್ ಮಾಡೋರೂ ಕೆಮ್ತಾರೆ, ಆದ್ರೂ "ಕ್ಲೀನಾಗೈತೆ" ಅಂತ ಖುಷಿ ಪಡೋದೂ ಅವರೇ.

ಈಗ ಆ ಮೂಲೆಗೂ ಟೈಲ್ಸ್ ಹಾಕಿಸೋ ಮಾತು ನಡೀತಿದೆ. ಬೇಡ, ಎಲೆ ಅಲ್ಲೇ ಬಿಡಿ ಅಂತ ಅರ್ಜಿ ಬರೆದಿಟ್ಟಿದೀನಿ. ಲೊಕೇಶನ್ ಕೇಳಿದೋರೆಲ್ಲ ಬಂದು ಸಹಿ ಹಾಕಿ.