ಲಕ್ಕುಂಡಿಯಲ್ಲಿ ತುಂಬಿದ ನೋಟ್‌ಬುಕ್

ಗದಗದಿಂದ ಕೊಪ್ಪಳದ ಕಡೆ ಹೋಗುವ ಬಸ್ಸು ಹತ್ತಿದರೆ ಲಕ್ಕುಂಡಿ ಬರೀ 12 ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೇ ಇಳಿದೆ. ಚೀಲದಲ್ಲಿ ನೀರಿನ ಬಾಟಲಿ, ಎರಡು ಪೆನ್ನು, ಒಂದು ನೋಟ್‌ಬುಕ್. ಹೊಸ ಊರಿಗೆ ಹೋಗುವಾಗ ನನಗೆ ಬೇಕಾದದ್ದು ಇಷ್ಟೇ. ಫೋಟೋನೂ ತೆಗೀತೀನಿ. ಆದರೆ ಒಂದು ಕಡೆ ಕೂತು ಬರೆಯದಿದ್ದರೆ ಆ ಊರನ್ನು ನೋಡಿದೆ ಅಂತ ನನಗೆ ಅನಿಸುವುದೇ ಇಲ್ಲ.

ಶಾಸನಗಳಲ್ಲಿ ಈ ಊರಿನ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು. ಈಗ ಗುಡಿಗಳ ಸುತ್ತ ಮನೆಗಳು, ಮನೆಗಳ ಮಧ್ಯೆ ಗುಡಿಗಳು. ದಾರಿ ಕೇಳಿದರೆ "ಯಾವ ಗುಡಿ?" ಅಂತ ಕೇಳುತ್ತಾರೆ.

ಮೊದಲು ಕಾಶಿ ವಿಶ್ವೇಶ್ವರ ಗುಡಿಗೆ ಹೋದೆ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಎರಡು ಗುಡಿ, ಒಂದು ಶಿವನದು, ಇನ್ನೊಂದು ಸೂರ್ಯನದು. ಸುತ್ತು ಹಾಕಿ ಬಂದು ಬಾಗಿಲ ಹತ್ತಿರ ನಿಂತವಳು ಅಲ್ಲಿಂದ ಕದಲಲಿಲ್ಲ. ಆ ಚೌಕಟ್ಟಿನಲ್ಲಿ ಪಟ್ಟಿ ಪಟ್ಟಿಯಾಗಿ ಕೆತ್ತನೆ. ಒಂದರಲ್ಲಿ ಬಳ್ಳಿ, ಒಂದರಲ್ಲಿ ಪುಟ್ಟ ಪುಟ್ಟ ಗೊಂಬೆಗಳು, ಪಕ್ಕದಲ್ಲಿ ಇನ್ನೊಂದು ಬಳ್ಳಿ. ಬಳ್ಳಿಯ ಹಿಂದೆಯೂ ಉಳಿ ಆಡಿದೆ. ಬಳಪದ ಕಲ್ಲು ಮೆತ್ತಗಿರುತ್ತದೆ, ಅದಕ್ಕೇ ಇಷ್ಟು ಸೂಕ್ಷ್ಮ ಕೆಲಸ ಆಗುತ್ತದೆ ಅನ್ನುತ್ತಾರೆ. ಸರಿ, ಆದರೆ ಆ ಕೈಗೆ ಎಷ್ಟು ತಾಳ್ಮೆ ಇರಬೇಕು! ಬಾಗಿಲಿನ ಒಂದು ಮಗ್ಗುಲನ್ನು ಬರೆಯುವುದಕ್ಕೇ ಮೂರು ಪುಟ ಹೋಯಿತು. ಕ್ಯಾಮೆರಾ ಇಡೀ ಚೌಕಟ್ಟನ್ನು ಒಂದೇ ಸಲ ಹಿಡಿದುಬಿಡುತ್ತದೆ. ಬರೆಯುವಾಗ ಒಂದೊಂದೇ ಎಲೆಯ ಹತ್ತಿರ ನಿಲ್ಲಬೇಕಾಗುತ್ತದೆ. ನನಗೆ ಆ ನಿಲ್ಲುವುದೇ ಇಷ್ಟ.

ಅಲ್ಲಿಂದ ಬ್ರಹ್ಮ ಜಿನಾಲಯ. ಒಳಗಿನ ನಾಲ್ಕು ಮುಖದ ಬ್ರಹ್ಮನನ್ನು ನೋಡಲು ಎಲ್ಲರೂ ಬರುತ್ತಾರೆ. ನಾನು ಬಂದದ್ದು ಅತ್ತಿಮಬ್ಬೆಗಾಗಿ. 1007ರ ಶಾಸನ ಈಕೆ ಇಲ್ಲಿ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ರನ್ನನಿಗೆ ಆಸರೆಯಾಗಿ ನಿಂತವಳು, 'ದಾನಚಿಂತಾಮಣಿ' ಅನ್ನಿಸಿಕೊಂಡವಳು. ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ 1000 ಪ್ರತಿ ಬರೆಸಿ ಹಂಚಿದಳಂತೆ. ಒಂದೊಂದು ಗರಿಯನ್ನೂ ಹದಮಾಡಬೇಕು, ಕಂಟದಿಂದ ಕೊರೆಯಬೇಕು, ಮಸಿ ಸವರಬೇಕು. ಹಾಗೆ ಸಾವಿರ ಸಲ! ಬರೆದಿಡದಿದ್ದರೆ ಹೋಗಿಬಿಡುತ್ತದೆ ಅನ್ನುವ ಆತಂಕ ಆ ಹೆಣ್ಣುಮಗಳಿಗೂ ಇದ್ದಿರಬೇಕು, ಅಲ್ವಾ? ಜಿನಾಲಯದ ಕಂಬಕ್ಕೆ ಒರಗಿ ಸುಮ್ನೆ ಕೂತೆ. ಅಲ್ಲಿ ಒಂದು ಸಾಲೂ ಬರೆಯಲಾಗಲಿಲ್ಲ.

ಮಧ್ಯಾಹ್ನದ ಬಿಸಿಲು ಏರುವ ಹೊತ್ತಿಗೆ ಮಾಣಿಕೇಶ್ವರ ಗುಡಿಗೆ ಬಂದೆ. ಗುಡಿಗೆ ಅಂಟಿಕೊಂಡೇ ಮುಸುಕಿನ ಬಾವಿ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಮೆಟ್ಟಿಲ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗಳು. ನೆರಳಲ್ಲಿ ಕೂತಿದ್ದ ಒಬ್ಬ ಅಜ್ಜ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು.

"ಏನ ಬರಕೊಳ್ಳಾಕತ್ತಿ ತಂಗಿ?"

"ಬಾವಿ ಬಗ್ಗೆ ಅಜ್ಜಾ. ನೋಡಿದ್ದು, ಕೇಳಿದ್ದು."

"ನಮ್ಮೂರಾಗ ನೂರಾ ಒಂದು ಗುಡಿ, ನೂರಾ ಒಂದು ಬಾವಿ. ಎಲ್ಲಾ ಬರೀತಿಯೇನು?"

ಬರೀತೀನಿ ಅಂದೆ. ಅವರು ಮುಖ ಅರಳಿಸಿ ಹತ್ತಿರ ಸರಿದರು. ಚಿಕ್ಕಂದಿನಲ್ಲಿ ಗೆಳೆಯರ ಜೊತೆ ಇಲ್ಲಿಗೆ ಬರುತ್ತಿದ್ದರಂತೆ. ಮಳೆ ಚೆನ್ನಾಗಿ ಆದ ವರ್ಷ ಎಷ್ಟನೇ ಮೆಟ್ಟಿಲಿಗೆ ನೀರು ಬರುತ್ತಿತ್ತು ಅಂತ ಕೋಲಿನಿಂದ ತೋರಿಸಿದರು. ಆ ಮೆಟ್ಟಿಲನ್ನು ಎಣಿಸಿ ಬರೆದುಕೊಂಡೆ. ಕನ್ನೆ ಬಾವಿಯ ದಾರಿ ಹೇಳಿದರು. ಆಮೇಲೆ, "ಎಲ್ಲಿ, ಏನ ಬರದಿ, ಓದು ನೋಡೂಣು" ಅಂದರು.

ಓದಿದೆ. ಕಣ್ಣು ಮುಚ್ಚಿ ಕೇಳಿದರು. ನೀರಿನ ಮಾತು ಬಂದಾಗ ಕೈ ಎತ್ತಿ ತಡೆದರು.

"ಅದು ಇನ್ನೊಂದು ಮೆಟ್ಟಿಲು ಮ್ಯಾಲ. ತಿದ್ದು."

ತಿದ್ದಿದೆ. ಅದು ನೋಟ್‌ಬುಕ್ಕಿನ ಕೊನೆಯ ಪುಟ. ಕನ್ನೆ ಬಾವಿಗೆ ಹೋಗುವ ಮೊದಲು ಅಂಗಡಿಯಲ್ಲಿ ಹೊಸದೊಂದು ಕೊಂಡೆ.