ಅಮ್ಮನ ಜೊತೆ ಬ್ಯಾಂಕಾಕ್‌ಗೆ, ಮೂರೇ ರಾತ್ರಿ

ಆಫೀಸಲ್ಲಿ ರಜೆ ಕೇಳ್ದಾಗ ಎಲ್ಲಿಗೆ ಅಂದ್ರು, ಬ್ಯಾಂಕಾಕ್ ಅಂದೆ, ತಕ್ಷಣ ಪಕ್ಕದ ಮೂರು ಸೀಟಿಂದ "ಏನ್ ಗುರೂ, ಹೂಂ ಹೂಂ" ಅಂತ ನಗು ಶುರುವಾಯ್ತು. ಅಮ್ಮನ್ನ ಕರ್ಕೊಂಡ್ ಹೋಗ್ತಿದೀನಿ ಅಂದ್ಮೇಲೆ ಎಲ್ಲರ ಮುಖ ಸಪ್ಪಗಾಯ್ತು ನೋಡಿ, ಅದನ್ನ ನೋಡೋಕೇ ಟಿಕೆಟ್ ದುಡ್ಡು ಸಾರ್ಥಕ.

ನವೆಂಬರ್ ಕೊನೇಲಿ ಹೋಗೋದು, ಮಳೆ ಅಷ್ಟರಲ್ಲಿ ಕಮ್ಮಿಯಾಗಿರುತ್ತೆ ಅಂತ. ಗುರುವಾರ ರಾತ್ರಿ ಬೆಂಗಳೂರಿಂದ ಹೊರಟ್ರೆ ಹತ್ರ ಹತ್ರ ನಾಲ್ಕು ಗಂಟೆ ಪ್ರಯಾಣ, ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಅಂದ್ರೆ ನಿದ್ದೆ ಅಲ್ಲಿಗೆ ಖೋತಾ. ಸೋಮವಾರ ವಾಪಸ್. ಒಟ್ಟು ಮೂರು ರಾತ್ರಿ. ಗೊತ್ತಿರೋರೆಲ್ಲ ಕೊಟ್ಟ ಲಿಸ್ಟ್ ಸೇರಿಸಿದ್ರೆ ಹದಿನೈದು ದಿನಕ್ಕಾಗುವಷ್ಟಿತ್ತು, ಪಟ್ಟಾಯ ಅಂತೆ, ಅಯುತ್ಥಯ ಅಂತೆ, ಫ್ಲೋಟಿಂಗ್ ಮಾರ್ಕೆಟ್ ಅಂತೆ, ಸಫಾರಿ ಬೇರೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಅಂದ್ರೆ ಆಗಲ್ಲ, ಹಾಗಾಗಿ ಲಿಸ್ಟ್ ಪಕ್ಕಕ್ಕಿಟ್ಟು ಮೊದಲು ಎಲ್ಲಿ ಉಳ್ಕೊಳ್ಳೋದು ಅನ್ನೋದನ್ನೇ ವಾರಗಟ್ಟಲೆ ಯೋಚನೆ ಮಾಡಿದೆ. ಅದೊಂದು ಸರಿಹೋದ್ರೆ ಮಿಕ್ಕಿದ್ದು ತಾನಾಗೇ ಕೂತ್ಕೊಳ್ಳುತ್ತೆ.

ಎಲ್ರೂ ಸುಖುಮ್‌ವಿತ್ ಕಡೆ ಇರು ಅಂದ್ರು. ನಾನು ಸೀಲೋಮ್ ರೋಡ್ ಕಡೆ ರೂಮ್ ಮಾಡಿದೀನಿ. ಯಾಕಂದ್ರೆ ಒಂದು, ಅಲ್ಲೇ ಮಾರಿಯಮ್ಮನ ದೇವಸ್ಥಾನ ಇದೆ, ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿದ್ದು, ಅಲ್ಲಿನವರು ವಾಟ್ ಖೇಕ್ ಅಂತಾರೆ, ನವರಾತ್ರಿಗೆ ದೊಡ್ಡ ಉತ್ಸವಾನೇ ನಡೆಯುತ್ತೆ. ಗುಡಿ ಇದ್ದಲ್ಲಿ ಸುತ್ತಮುತ್ತ ನಮ್ಮ ಕಡೆ ಊಟಾನೂ ಸಿಗುತ್ತೆ. ಎರಡು, ಸೀಲೋಮ್ ಸ್ಟೇಷನ್‌ನಿಂದ ನೆಲದಡಿ ಮೆಟ್ರೋ ಹತ್ತಿದ್ರೆ ಐದನೇ ಸ್ಟಾಪು ಸನಮ್ ಚಾಯ್, ಹಳೇ ಊರಿಗೆ ಸೀದಾ. ಮೂರು, ಸ್ಕೈಟ್ರೇನಲ್ಲಿ ಸಫಾನ್ ತಾಕ್ಸಿನ್‌ಗೆ ಹೋದ್ರೆ ಸ್ಟೇಷನ್ ಕೆಳಗೇ ದೋಣಿಕಟ್ಟೆ, ಕಿತ್ತಳೆ ಬಾವುಟದ ಬೋಟಲ್ಲಿ ಚಾವೊ ಫ್ರಯಾ ನದಿ ಮೇಲೆ ಹೋಗ್ಬಹುದು. ಬ್ಯಾಂಕಾಕ್ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಸರಿಸಾಟಿ ಅಂತ ಹೋಗ್ಬಂದೋರು ಎಲ್ರೂ ಹೇಳ್ತಾರೆ, ನಾವ್ ಯಾಕೆ ದುಡ್ಡು ಕೊಟ್ಟು ಅಲ್ಲಿಗೆ ಹೋಗಿ ಟ್ಯಾಕ್ಸೀಲಿ ಕೂತ್ಕೋಬೇಕು ಹೇಳಿ. ಒಂದೇ ಕಿರಿಕಿರಿ ಅಂದ್ರೆ ಸ್ಕೈಟ್ರೇನ್ ಬೇರೆ, ಮೆಟ್ರೋ ಬೇರೆ, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯಲ್ಲ.

ಊಟದ್ದು ದೊಡ್ಡ ತಲೆನೋವು. ವೆಜ್ ಅಂತ ಕೊಟ್ಟಿದ್ರಲ್ಲೂ ಮೀನಿನ ಸಾಸ್ ಹಾಕಿರ್ತಾರೆ, ಅವರ ಪ್ರಕಾರ ಅದು ಉಪ್ಪಿನ ಥರ. ಹುಡುಕ್ತಾ ಹೋದಾಗ ಸಿಕ್ಕಿದ ಪದ "ಜೇ". ಹಳದಿ ಬಾವುಟದ ಮೇಲೆ ಕೆಂಪಕ್ಷರ, ನೋಡೋಕೆ ಇಂಗ್ಲಿಷ್ ಹದಿನೇಳರ ಥರ ಕಾಣುತ್ತೆ. ಅದು ಚೀನೀ ಬೌದ್ಧರ ಪದ್ಧತಿಯಿಂದ ಬಂದಿದ್ದು, ಮಾಂಸ ಮೀನು ಮೊಟ್ಟೆ ಇಲ್ಲ, ಅಷ್ಟೇ ಅಲ್ಲ ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ! ಇದನ್ನ ಹೇಳಿದಾಗ ಅಮ್ಮ ಅಂದಿದ್ದು, "ನಮ್ ಅತ್ತೆಗಿಂತ ಮಡಿ ಇದಾರಲ್ಲೋ." ಆದ್ರೆ ಹಾಲು ಮೊಸರೂ ಇಲ್ಲ ಕಣಮ್ಮ ಅಂದೆ. ಅಲ್ಲಿಗೆ ಜೇ ಮೇಲಿನ ಗೌರವ ಅರ್ಧ ಹೋಯ್ತು. ಚಟ್ನಿಪುಡಿ, ಹುರಿದ ಅವಲಕ್ಕಿ, ಪುಳಿಯೋಗರೆ ಗೊಜ್ಜು ಆಗ್ಲೇ ಡಬ್ಬಿಗೆ ಹೋಗಿದಾವೆ, ನಾನೇನೂ ಮಾತಾಡ್ಲಿಲ್ಲ. ಮಾವಿನಹಣ್ಣು, ತೆಂಗಿನಹಾಲು ಹಾಕಿದ ಅಂಟಕ್ಕಿ ಅನ್ನ ಮಾತ್ರ ತಿನ್ನಿಸೇ ತಿನ್ನಿಸ್ತೀನಿ.

ಇನ್ನೊಂದ್ ವಿಷ್ಯ, ಹೋಗೋರಿಗೆ ಉಪಯೋಗ ಆಗುತ್ತೆ. 2025ರ ಮೇಯಿಂದ ಥಾಯ್ಲೆಂಡ್‌ಗೆ ಹೋಗೋರು ಆನ್‌ಲೈನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ತಲುಪೋ ಮುಂಚಿನ ಮೂರು ದಿನದೊಳಗೆ. ಅದಕ್ಕೆ ದುಡ್ಡಿಲ್ಲ, ಪೂರ್ತಿ ಫ್ರೀ. ನಾನು ಗೂಗಲ್ ಮಾಡಿ ಮೊದಲನೇ ಲಿಂಕ್ ಒತ್ತಿ, ಎಲ್ಲ ತುಂಬಿ, ಕೊನೇಲಿ ದುಡ್ಡು ಕಟ್ಟೋಕೆ ಬ್ಯಾಂಕ್ ಕಾರ್ಡ್ ನಂಬರ್ ಕೇಳಿದಾಗ ಎಚ್ಚರ ಆಯ್ತು. ಯಾವುದೋ ಪುಣ್ಯಾತ್ಮ ಸರ್ಕಾರದ್ದೇ ಥರ ಕಾಣೋ ಸೈಟ್ ಮಾಡ್ಕೊಂಡು ಕೂತಿದಾನೆ. ವೀಸಾ ನಿಯಮ ಕೂಡ ಆಗಾಗ ಬದಲಾಗುತ್ತೆ, ಟಿಕೆಟ್ ಮಾಡೋ ಮುಂಚೆ ಸರ್ಕಾರದ ಸೈಟಲ್ಲೇ ನೋಡ್ಕೊಳ್ಳಿ, ನನ್ನ ಮಾತು ನಂಬ್ಕೊಂಡ್ ಹೋಗ್ಬೇಡಿ.

ಶುಕ್ರವಾರ ಬೆಳಗ್ಗೆ ಇಳಿದು ರೂಮಿಗೆ ಬ್ಯಾಗ್ ಹಾಕಿ ನಿದ್ದೆ, ಸಂಜೆ ದೋಣಿ, ನದಿ ದಡದ ಗುಡಿ ವಾಟ್ ಅರುಣ್‌ನ ಎದುರು ದಡದಿಂದ ನೋಡೋದು ಅಷ್ಟೇ. ಅರುಣ್ ಅಂದ್ರೆ ನಮ್ಮ ಅರುಣಾನೇ, ಸೂರ್ಯನ ಸಾರಥಿ, ಹೆಸರು ಬೆಳಗಿನದು ಆದ್ರೆ ಫೋಟೋ ಚೆನ್ನಾಗಿ ಬರೋದು ಸಂಜೆ ಅಂತೆ. ಏರ್‌ಪೋರ್ಟ್ ಹೆಸರೇ ಸುವರ್ಣಭೂಮಿ ನೋಡಿ, ಒಳಗೆ ಸಮುದ್ರಮಥನದ ದೊಡ್ಡ ಪ್ರತಿಮೆ ಇದೆ, ವಾಪಸ್ ಬರುವಾಗ ಅಮ್ಮನಿಗೆ ತೋರಿಸ್ಬೇಕು. ಭಾನುವಾರಕ್ಕೆ ಚತುಚಕ್ ಸಂತೆ ಇಟ್ಟಿದ್ದೆ, ವಾರದ ಕೊನೇಲಿ ಸಾವಿರಾರು ಅಂಗಡಿ ಹಾಕ್ತಾರೆ, ಆಮೇಲೆ ಮಂಡಿ ನೆನಪಾಗಿ ತೆಗೆದೆ. ಅದರ ಬದಲು ಎರವಾನ್ ಗುಡಿ, ಎರವಾನ್ ಅಂದ್ರೆ ಐರಾವತ, ಆದ್ರೆ ಒಳಗಿರೋದು ನಾಲ್ಕು ಮುಖದ ಬ್ರಹ್ಮ. ಅಮ್ಮನಿಗೆ ಇದು ನಂಬೋಕೇ ಆಗ್ತಿಲ್ಲ, "ಬ್ರಹ್ಮನಿಗೆ ಪೂಜೆ ಇಲ್ಲ ಅಂತ ಶಾಪ ಇದೆಯಲ್ಲೋ" ಅಂತಾರೆ. ಇಲ್ಲಿಲ್ಲ, ಅಲ್ಲಿದೆ ಅಂದೆ, ಚೆಂಡುಹೂವಿನ ಹಾರ ಹಾಕಿ, ಮರದ ಆನೆ ಒಪ್ಪಿಸಿ, ಕೇಳಿದ್ದು ಆದ್ರೆ ನರ್ತಕಿಯರಿಂದ ಹರಕೆ ಕುಣಿತ ಮಾಡಿಸ್ತಾರೆ.

ಶನಿವಾರ ಅರಮನೆ. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆಯುತ್ತೆ, ಬಿಸಿಲೇರೋ ಮುಂಚೆ ಒಳಗಿರ್ಬೇಕು. ಟಿಕೆಟ್ 500 ಬಾತ್, ರೂಪಾಯಿಗೆ ಲೆಕ್ಕ ಹಾಕಿದ್ರೆ ಸಾವಿರದ ಮೇಲೆ, ಇದನ್ನ ಅಮ್ಮನಿಗೆ ನೂರೈವತ್ತು ಅಂತ ಹೇಳಿದೀನಿ. ಭುಜ, ಮಂಡಿ ಮುಚ್ಚಿರ್ಬೇಕು, ಸೀರೆಗೆ ಏನೂ ತೊಂದ್ರೆ ಇಲ್ಲ, ಚಡ್ಡಿ ಬಿಟ್ಟು ಪ್ಯಾಂಟ್ ಹಾಕ್ಬೇಕಾಗಿರೋದು ನಾನು. ಗೇಟ್ ಹತ್ರ ಯಾರಾದ್ರೂ ನಗ್‌ನಗ್ತಾ ಬಂದು ಅರಮನೆ ಇವತ್ತು ಕ್ಲೋಸ್, ಬನ್ನಿ ಟುಕ್‌ಟುಕ್‌ನಲ್ಲಿ ಬೇರೆ ಗುಡಿ ತೋರಿಸ್ತೀನಿ ಅಂದ್ರೆ ನಂಬ್ಬಾರ್ದು, ಅದು ಹೋಗಿ ನಿಲ್ಲೋದು ಹರಳಿನ ಅಂಗಡಿ ಮುಂದೆ. ಮೈಸೂರಲ್ಲಿ ಟೂರಿಸ್ಟ್‌ಗಳನ್ನ ಆಟೋ ಹತ್ತಿಸಿ ರೇಷ್ಮೆ ಅಂಗಡಿಗೆ ಬಿಡ್ತಾರಲ್ಲ, ಅದೇ ವಿದ್ಯೆ.

ಅಮ್ಮ ಕಾಯ್ತಿರೋದು ಅರಮನೆಗಲ್ಲ, ಅದರ ಆವರಣದಲ್ಲೇ ಇರೋ ಪಚ್ಚೆ ಬುದ್ಧನ ಗುಡಿ ಸುತ್ತಿನ ಪ್ರಾಕಾರದ ಗೋಡೆಗೆ. ಅಲ್ಲಿ 178 ಚಿತ್ರದಲ್ಲಿ ಇಡೀ ರಾಮಾಯಣ ಬರೆದಿದಾರೆ, ಅವರದ್ದು ರಾಮಕಿಯನ್, ಈಗಿನ ರಾಜವಂಶದ ರಾಜರೆಲ್ಲ ರಾಮರೇ, 1782ರಲ್ಲಿ ರಾಜಧಾನಿ ಕಟ್ಟಿದೋನು ಒಂದನೇ ರಾಮ, ಈಗಿರೋರು ಹತ್ತನೇ ರಾಮ. ಇಷ್ಟೆಲ್ಲ ಖುಷಿಯಿಂದ ಕೇಳಿಸ್ಕೊಂಡ್ರು. ಶನಿವಾರ ಬೇರೆ, ಅಮ್ಮನಿಗೆ ಆಂಜನೇಯನ ಒಪ್ಪೊತ್ತು, ಅವತ್ತೇ ಅಲ್ಲಿ ಹನುಮಂತನ ದರ್ಶನ ಅಂತ ಅಕ್ಕನಿಗೂ ಫೋನ್ ಮಾಡಿ ಹೇಳಾಯ್ತು. ರಾಮಕಿಯನ್‌ನಲ್ಲಿ ಹನುಮಂತ ಬ್ರಹ್ಮಚಾರಿ ಅಲ್ಲ, ಸೇತುವೆ ಕಟ್ಟುವಾಗ ರಾವಣನ ಮಗಳು, ಮತ್ಸ್ಯಕನ್ಯೆ ಒಬ್ಬಳನ್ನ ಪ್ರೀತಿಸಿ ಮಗೂನೂ ಆಗುತ್ತೆ ಅಂತ ನಾನಿನ್ನೂ ಹೇಳಿಲ್ಲ. ಆ ಗೋಡೆ ಹತ್ರ ಬಂದಾಗ ಸ್ವಲ್ಪ ಬೇಗ ಬೇಗ ನಡೆಸ್ಬೇಕು, ಮಂಡಿನೋವಿದ್ರೂ.